ಹಿತ್ತಲ ಗಿಡದ ಮದ್ದು

(ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದವರು ಇಲ್ಲಿ ಯಾರೂ ಇರಲಾರರು. ಕೈಗೆಟುಕುವಷ್ಟು ಹತ್ತಿರವಿರುವುದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಆ ಗಾದೆ ಮೂದಲಿಸುತ್ತದೆ. ಪ್ರಕೃತಿಯ ಮಡಿಲಲ್ಲಿ ನೆಮ್ಮದಿ ಪಡೆಯಬೇಕೆಂದು ಪಟ್ಟಣದವರು ವಾರದ ಕೊನೆಗೆ ಗಾಡಿ ಹತ್ತಿ ಘಟ್ಟದ ಕಡೆಗೆ ಬರುತ್ತಾರೆ. ಜಲಪಾತದೆದುರು, ಗುಡ್ಡದ ನೆತ್ತಿಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಘಟ್ಟದಲ್ಲೇ ಹುಟ್ಟಿ ಬೆಳೆದವರಿಗೆ ಆ ಜಲಪಾತ ದಿನನಿತ್ಯದ ದಾರಿಯ ಒಂದು ತಿರುವು ಮಾತ್ರ. ಅವರ ದುಃಖಕ್ಕೆ, ಬೇಸರಕ್ಕೆ, ಒಂಟಿತನಕ್ಕೆ ಪ್ರಕೃತಿ ಏನು ಮಾಡೀತು ಎಂದು ಕೇಳುವವರು ಕಡಿಮೆ. ಇಂದಿನ ವಿಷಯ ಆ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಹುಡುಕಬೇಕಾದದ್ದು ಶಿಖರದ ಮೇಲಲ್ಲ; ಬಚ್ಚಲ ನೀರು ಹರಿಯುವ ಕಡೆ ಕೆಸು, ಬಾಳೆ, ಕರಿಬೇವು ಬೆಳೆದು, ಡೇರೆ ಹೂವಿನ ಸಾಲು ಅರಳಿರುವ ಹಿತ್ತಲಿನಲ್ಲಿ, ಕೈಯಲ್ಲೊಂದು ಕ್ಯಾಮೆರಾ ಹಿಡಿದು.

ಮಲೆನಾಡಿನ ಬೇಸರಕ್ಕೆ ತನ್ನದೇ ಆದ ಬಣ್ಣವಿದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ವಿದ್ಯುತ್ತಿಲ್ಲದ ಸಂಜೆಗಳು. ಮಕ್ಕಳೆಲ್ಲ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ವಯಸ್ಸಾದ ಇಬ್ಬರೇ ಉಳಿದ ದೊಡ್ಡ ಮನೆ. ಕೊಳೆರೋಗಕ್ಕೆ ಉದುರಿದ ಅಡಿಕೆ, ಅದರ ಬೆನ್ನಿಗೇ ಈಚಿನ ವರ್ಷಗಳಲ್ಲಿ ಬಂದೆರಗಿದ ಎಲೆಚುಕ್ಕಿ ರೋಗ. ಪರೀಕ್ಷೆಯಲ್ಲಿ ಸೋತು ಊರಿಗೆ ಮರಳಿ ಯಾರ ಮುಖವನ್ನೂ ನೋಡಲಾರದ ಹುಡುಗ. ಇಂಥವರಿಗೆ ‘ಪ್ರಕೃತಿಯನ್ನು ನೋಡಿ ಸಂತೋಷಪಡಿ’ ಎಂದು ಬೋಧಿಸುವುದು ನಿರ್ದಯವಾದ ಮಾತು. ಅಗಲವಾದ ದೃಶ್ಯದ ಮುಂದೆ ನಿಂತಾಗ ಕಣ್ಣಿಗೆ ಕೆಲಸವಿಲ್ಲ. ಮನಸ್ಸು ತನ್ನ ನೋವಿನತ್ತಲೇ ಹೊರಳುತ್ತದೆ. ಅಂಗುಲಕ್ಕಿಂತ ಚಿಕ್ಕದಾದ ಜೀವಿಯೊಂದರ ಮೇಲೆ ಕಣ್ಣು ನೆಟ್ಟಾಗ ಆಗುವುದೇ ಬೇರೆ.

ಇದನ್ನು ತೋರಿಸಲು ಫ್ರಾನ್ಸಿನ ಒಬ್ಬ ಬಡ ಶಾಲಾಮಾಸ್ತರನ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಝಾನ್ ಆನ್ರಿ ಫಾಬ್ರ್ 1823ರಲ್ಲಿ ಹುಟ್ಟಿದವನು. ಬದುಕಿನ ಬಹುಭಾಗ ಪಾಠ ಹೇಳಿ, ಮಕ್ಕಳಿಗಾಗಿ ವಿಜ್ಞಾನದ ಪುಸ್ತಕಗಳನ್ನು ಬರೆದು ಹೊಟ್ಟೆ ಹೊರೆದವನು. ಅವನಿಗೆ ಜೂಲ್ ಎಂಬ ಮಗನಿದ್ದ. ಹುಳು, ಹೂವು ಎಂದರೆ ಅಪ್ಪನಷ್ಟೇ ಹುಚ್ಚಿದ್ದ ಹುಡುಗ. ಅಪ್ಪನ ಅಲೆದಾಟಗಳಲ್ಲಿ ಜೊತೆಗಾರ. 1877ರಲ್ಲಿ, ಹದಿನಾರರ ಹರೆಯದಲ್ಲಿ ಆ ಹುಡುಗ ತೀರಿಕೊಂಡ. ಎರಡು ವರ್ಷಗಳ ಬಳಿಕ ಫಾಬ್ರ್ ಸೆರಿನ್ಯಾನ್ ಎಂಬ ಹಳ್ಳಿಯ ಅಂಚಿನಲ್ಲಿ ಸುಮಾರು ಎರಡೂವರೆ ಎಕರೆ ಬರಡು ನೆಲವನ್ನು ಕೊಂಡ. ಕಲ್ಲು, ಮುಳ್ಳುಗಿಡ ತುಂಬಿದ, ಉಳುವವರು ಕೈಬಿಟ್ಟ ಭೂಮಿ. ಇಂಥ ಬೀಳುನೆಲಕ್ಕೆ ಅಲ್ಲಿನ ನಾಡಭಾಷೆಯಲ್ಲಿ ‘ಹರ್ಮಾಸ್’ ಎನ್ನುತ್ತಾರೆ. ಆ ಹೆಸರೇ ತೋಟಕ್ಕೂ ನಿಂತಿತು. ಬೇರೆಯವರಿಗೆ ಕೆಲಸಕ್ಕೆ ಬಾರದ ಆ ಜಾಗ, ಮುಳ್ಳುಹೂವಿಗೆ ಬರುವ ಜೇನು, ಕಣಜಗಳಿಗೆ ಸ್ವರ್ಗವಾಗಿತ್ತು. ಫಾಬ್ರ್ 1915ರಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ ಅಲ್ಲಿಯೇ ಉಳಿದ. ನೆಲದ ಮೇಲೆ ಅಂಗಾತ ಮಲಗಿ, ಬೋರಲು ಬಿದ್ದು, ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತು ಕಂಡದ್ದನ್ನು ಹತ್ತು ಸಂಪುಟಗಳಲ್ಲಿ ಬರೆದ. ಮೊದಲ ಸಂಪುಟ 1879ರಲ್ಲಿ ಹೊರಬಂದಾಗ, ಮೂರು ಕಣಜಗಳಿಗೆ ತೀರಿಹೋದ ಮಗನ ಹೆಸರನ್ನಿಟ್ಟಿದ್ದ.

ಅವನ ಇನ್ನೊಬ್ಬ ಮಗ ಪಾಲ್ ಆನ್ರಿ ಕ್ಯಾಮೆರಾ ಹಿಡಿದ. ಅಪ್ಪ ಬರೆದ ಹುಳುಗಳನ್ನು ಅದೇ ತೋಟದಲ್ಲಿ ಚಿತ್ರೀಕರಿಸಿದ. ಆ ಛಾಯಾಚಿತ್ರಗಳು ಪುಸ್ತಕದ ಮುಂದಿನ ಮುದ್ರಣಗಳಲ್ಲಿ ಸೇರಿದವು. ಭಾರವಾದ ಪೆಟ್ಟಿಗೆ, ನಿಧಾನವಾದ ಕವಾಟ, ಒಂದು ಕ್ಷಣವೂ ನಿಲ್ಲದ ಹುಳು. ಆ ಕಾಲದಲ್ಲಿ ಒಂದು ಚಿತ್ರಕ್ಕೆ ತಗಲುತ್ತಿದ್ದ ತಾಳ್ಮೆಯನ್ನು ಊಹಿಸಿಕೊಳ್ಳಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಮಗನನ್ನು ಕಳೆದುಕೊಂಡ ಆ ತಂದೆ ಆಸರೆ ಪಡೆದದ್ದು ಬಣ್ಣದ ಚಿಟ್ಟೆಗಳಿಂದಲ್ಲ. ಅವನು ಹೆಚ್ಚಾಗಿ ನೋಡಿದ್ದು ಬೇಟೆಗಾರ ಕಣಜಗಳನ್ನು, ಸಗಣಿ ಉರುಳಿಸುವ ಜೀರುಂಡೆಗಳನ್ನು, ಗಂಡನ್ನೇ ತಿನ್ನುವ ಮಿಡತೆಯಂಥ ಕೀಟಗಳನ್ನು. ಅಲ್ಲಿ ಕರುಣೆ ಎಂಬುದಿಲ್ಲ. ಹಾಗಾದರೆ ನೆಮ್ಮದಿ ಎಲ್ಲಿಂದ ಬಂತು?

ಈ ನಾಡಿನ ಒಂದು ಹಳೆಯ ದೃಷ್ಟಾಂತದ ಮೂಲಕ ಇದನ್ನು ಬಿಡಿಸಿ ನೋಡಬಹುದು. ವೇದಾಂತಿಗಳೂ ಶರಣರೂ ಬಳಸಿದ ‘ಕೀಟ ಭ್ರಮರ ನ್ಯಾಯ’ ಹಿರಿಯರಿಗೆ ಗೊತ್ತು. ಭ್ರಮರವು ಒಂದು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿಡುತ್ತದೆ. ಒಳಗಿರುವ ಹುಳು ಸದಾ ಭ್ರಮರವನ್ನೇ ನೆನೆಯುತ್ತ ಕೊನೆಗೆ ತಾನೇ ಭ್ರಮರವಾಗಿ ಹೊರಬರುತ್ತದೆ ಎಂಬುದು ಅದರ ತಾತ್ಪರ್ಯ. ಭಕ್ತ ದೇವರಾಗುವುದಕ್ಕೆ ಕೊಟ್ಟ ಹೋಲಿಕೆ. ಕಿಟಕಿಯ ಚೌಕಟ್ಟಿನ ಮೇಲೆ, ಜಂತಿಯ ಸಂದಿಯಲ್ಲಿ ಪುಟ್ಟ ಮಡಕೆಯಂಥ ಗೂಡು ಕಟ್ಟುವ ಕುಂಬಾರ ಹುಳುವನ್ನು ಕಂಡೇ ಈ ಮಾತು ಹುಟ್ಟಿರಬೇಕು. ಹಸಿರು ಹುಳು ಒಳಗೆ ಹೋದದ್ದು ಕಂಡಿದೆ. ಕೆಲವು ವಾರಗಳ ಮೇಲೆ ಕುಂಬಾರ ಹುಳು ಹೊರಬಂದದ್ದೂ ಕಂಡಿದೆ. ನಡುವೆ ಮಣ್ಣಿನ ಗೋಡೆ. ಆ ಗೋಡೆಯ ಹಿಂದೆ ನಡೆಯುವುದನ್ನು ಫಾಬ್ರ್ ತಾಳ್ಮೆಯಿಂದ ನೋಡಿ ಬರೆದ. ತಾಯಿ ಕಣಜವು ಗೂಡಿನ ಚಾವಣಿಯಿಂದ ಒಂದು ಸಣ್ಣ ಎಳೆಯಲ್ಲಿ ತನ್ನ ಮೊಟ್ಟೆಯನ್ನು ತೂಗುಹಾಕುತ್ತದೆ. ಅನಂತರ ಕುಟುಕಿ ನಿಶ್ಚಲಗೊಳಿಸಿದ, ಆದರೆ ಸಾಯದ ಹುಳುಗಳನ್ನು ತಂದು ಕೆಳಗೆ ತುಂಬುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಹುಳುಗಳನ್ನು ತಿಂದು ಬೆಳೆಯುತ್ತದೆ. ಅರೆಜೀವದ ಹುಳುಗಳು ಹೊರಳಿದರೂ ಮೊಟ್ಟೆ ಜಜ್ಜಿಹೋಗದಿರಲೆಂದೇ ಆ ತೂಗು ಎಳೆ!

ಒಂದು ಹುಳು ಇನ್ನೊಂದಾಗಲಿಲ್ಲ, ಇನ್ನೊಂದಕ್ಕೆ ಆಹಾರವಾಯಿತು. ದೃಷ್ಟಾಂತದ ಸೊಗಸು ಇಲ್ಲಿ ಸ್ವಲ್ಪ ಕರಗಬಹುದು. ಆದರೆ ಆ ಎಳೆಯನ್ನು ಕುರಿತು ಒಂದು ನಿಮಿಷ ಯೋಚಿಸುವವನು ಆ ಒಂದು ನಿಮಿಷದ ಮಟ್ಟಿಗೆ ತನ್ನ ಸಾಲವನ್ನು, ಸೋಲನ್ನು, ಸಾವನ್ನು ಮರೆತಿರುತ್ತಾನೆ. ಕುಂಬಾರ ಹುಳುವಿಗೆ ಮನುಷ್ಯನ ದುಃಖದ ಗೊಡವೆಯಿಲ್ಲ. ಅದು ಸಮಾಧಾನ ಹೇಳುವುದಿಲ್ಲ, ಬುದ್ಧಿವಾದ ಹೇಳುವುದಿಲ್ಲ, ‘ಹೀಗಾಗಬಾರದಿತ್ತು’ ಎಂದು ಲೊಚಗುಟ್ಟುವುದೂ ಇಲ್ಲ. ಸಾವಿನ ಮನೆಗೆ ಬಂದು ಮಾತಾಡುವ ನೂರು ಜನರ ನಡುವೆ, ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರುವ ಒಬ್ಬರ ಸಾನ್ನಿಧ್ಯ ಹೇಗೆ ಹಿತವಾಗುತ್ತದೆಯೋ ಇದೂ ಹಾಗೆ. ಪ್ರಕೃತಿ ತಾಯಿಯಂತೆ ಮೈದಡವುತ್ತದೆ ಎಂಬ ಕವಿಸಮಯಕ್ಕಿಂತ ಈ ನಿರ್ಲಿಪ್ತತೆಯೇ ಹೆಚ್ಚು ಗಟ್ಟಿಯಾದ ಆಸರೆ.

ಕ್ಯಾಮೆರಾ ಇಲ್ಲಿ ಏನು ಮಾಡುತ್ತದೆ? ಸರಳವಾಗಿ ಹೇಳುವುದಾದರೆ, ಅದು ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ. ಬರಿಗಣ್ಣಿನಿಂದ ನೋಡುವವನು ಅರೆನಿಮಿಷದಲ್ಲಿ ಮುಂದೆ ಹೋಗುತ್ತಾನೆ. ಚಿತ್ರ ಬೇಕಾದವನು ನಿಲ್ಲಲೇಬೇಕು. ಅತಿ ಹತ್ತಿರದಿಂದ ಚಿತ್ರ ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಪದರ ಒಂದೆರಡು ಮಿಲಿಮೀಟರಿನಷ್ಟೇ ಇರುತ್ತದೆ. ಹುಳುವಿನ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಬ್ಬು. ಉಸಿರೆಳೆದರೆ ಎಲ್ಲವೂ ಮಬ್ಬು. ಆದುದರಿಂದ ಚಿತ್ರಗಾರ ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಮುಂದಿನ ಉಸಿರಿಗೆ ಮುನ್ನಿನ ಆ ನಿಲುಗಡೆಯಲ್ಲಿ ಗುಂಡಿ ಒತ್ತುವುದನ್ನು ಕಲಿಯುತ್ತಾನೆ. ಮೊಣಕೈಗಳನ್ನು ಮೊಣಕಾಲಿಗೆ ಊರುತ್ತಾನೆ. ಗಾಳಿ ನಿಲ್ಲಲೆಂದು ಕಾಯುತ್ತಾನೆ. ತನ್ನ ನೆರಳು ಹೂವಿನ ಮೇಲೆ ಬೀಳದಂತೆ ಸುತ್ತಿ ಬರುತ್ತಾನೆ. ಪ್ರಾಣಾಯಾಮ ಎಂಬ ಹೆಸರನ್ನೇ ಎತ್ತದೆ ಅರ್ಧಗಂಟೆ ನಡೆಯುವ ಪ್ರಾಣಾಯಾಮವಿದು.

ವಿಜ್ಞಾನಿಗಳೂ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದ ರೋಜರ್ ಉಲ್‌ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ಜನರ ದಾಖಲೆಗಳನ್ನು ಆತ ಹೋಲಿಸಿದ. ಅರ್ಧದಷ್ಟು ಜನರ ಕಿಟಕಿಯಾಚೆ ಮರಗಳಿದ್ದವು. ಉಳಿದರ್ಧ ಜನರಿಗೆ ಕಾಣುತ್ತಿದ್ದುದು ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು. ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿಗಳ ವಿವರಣೆ ಇನ್ನಷ್ಟು ಉಪಯುಕ್ತ. ಲೆಕ್ಕ ಬರೆಯುವಾಗ, ಓದುವಾಗ ಬಲವಂತವಾಗಿ ತಂದುಕೊಳ್ಳುವ ಗಮನ ದಣಿಯುತ್ತದೆ. ಎಲೆಯ ಅಲುಗಾಟ, ಹುಳುವಿನ ನಡೆ ತಾವಾಗಿ ಸೆಳೆಯುವ ಗಮನ ದಣಿಸುವುದಿಲ್ಲ, ದಣಿದುದಕ್ಕೆ ವಿಶ್ರಾಂತಿ ಕೊಡುತ್ತದೆ ಎಂಬುದು ಅವರ ವಾದ. ಇಷ್ಟಾದ ಮೇಲೂ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು: ನಿದ್ರೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವ ಸ್ಥಿತಿಗೆ ಬಂದವರನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಚಿಟ್ಟೆಯ ಚಿತ್ರ ಔಷಧಕ್ಕೆ ಬದಲಿಯಲ್ಲ.

ಇನ್ನು ಹಿತ್ತಲಿಗೆ ಬರೋಣ. ಕರಿಬೇವಿನ ಅಥವಾ ನಿಂಬೆಯ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಒಂಟಿ ಮೊಟ್ಟೆಗಳನ್ನು ಹುಡುಕಿ. ಹೊರಬರುವ ಮರಿಹುಳು ಥೇಟು ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿರುತ್ತದೆ. ಯಾವ ಹಕ್ಕಿಯೂ ಅದನ್ನು ತಿನ್ನಲು ಮನಸ್ಸು ಮಾಡುವುದಿಲ್ಲ. ಬೆಳೆದ ಮೇಲೆ ಅದೇ ಹುಳು ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವೆಗೋಲಿನಂಥ ಅಂಗವನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇದನ್ನು ದಿನಕ್ಕೊಂದು ಚಿತ್ರದಂತೆ ದಾಖಲಿಸುವುದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಡ. ಕೈಯಲ್ಲಿರುವ ಮೊಬೈಲ್ ಸಾಕು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಕರಿಬೇವಿನ ಕುಂಡವನ್ನು ಅವರ ಕಿಟಕಿಯ ಬಳಿ ಇಡಿ. ‘ಇವತ್ತು ಎಷ್ಟು ದೊಡ್ಡದಾಯಿತು?’ ಎಂದು ಬೆಳಿಗ್ಗೆ ಕೇಳುವ ಒಂದು ಪ್ರಶ್ನೆ ಮನೆಯ ಗಾಳಿಯನ್ನೇ ಬದಲಿಸಬಲ್ಲದು.

ಬದನೆಯ ಹೂವಿನ ಕಥೆ ಇನ್ನೂ ಸ್ವಾರಸ್ಯಕರ. ಅದರ ಪರಾಗ ಪುಡಿಯಾಗಿ ಹೊರಗೆ ಸಿಗುವುದಿಲ್ಲ. ಕೊಳವೆಯಂಥ ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ನೀಲಿ ಪಟ್ಟೆಯ ಒಂಟಿಜೇನು ಬಂದು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆಯೇ ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತದೆ. ಹೂವು ಝೇಂಕರಿಸುತ್ತದೆ, ಪರಾಗ ಉದುರುತ್ತದೆ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಈ ವಿದ್ಯೆ ಬಾರದು. ಚಿತ್ರ ತೆಗೆಯುವವರು ಮೊದಲು ಕಿವಿಯಿಂದ ಈ ಜೇನನ್ನು ಪತ್ತೆಹಚ್ಚುತ್ತಾರೆ. ಹೆಣ್ಣುಜೇನು ಹಳೆಯ ಮಣ್ಣುಗೋಡೆಯಲ್ಲಿ, ಧರೆಯ ಮಣ್ಣಿನಲ್ಲಿ ಬಿಲ ಕೊರೆದು ಒಂಟಿಯಾಗಿ ಮರಿ ಸಾಕುತ್ತದೆ. ಗಂಡುಗಳು ಇರುಳಿನಲ್ಲಿ ಒಣಕಡ್ಡಿಯೊಂದನ್ನು ದವಡೆಯಿಂದ ಕಚ್ಚಿಕೊಂಡು, ಮೈಯನ್ನು ಗಾಳಿಗೆ ಬಿಟ್ಟು ಸಾಲಾಗಿ ನಿದ್ರಿಸುತ್ತವೆ. ಹಲವು ರಾತ್ರಿ ಅದೇ ಕಡ್ಡಿಗೆ ಮರಳುತ್ತವೆ.

ಚಗಳಿ ಇರುವೆಗಳನ್ನು ಚಟ್ನಿಯಿಂದ ಬಲ್ಲವರು, ಅವುಗಳ ಸಾಲಿನ ಚಿತ್ರವನ್ನು ಹಿಗ್ಗಿಸಿ ಕಾಲುಗಳನ್ನು ಎಣಿಸಿ ನೋಡಬೇಕು. ಆರರ ಬದಲು ಎಂಟು ಕಾಲು ಕಂಡರೆ ಅದು ಇರುವೆಯ ವೇಷ ತೊಟ್ಟ ಜೇಡ. ಮುಂಗಾಲುಗಳನ್ನೆತ್ತಿ ಮೀಸೆಯಂತೆ ಆಡಿಸುತ್ತ ನಡೆಯುತ್ತದೆ. ಡೇರೆ ಹೂವಿನ ವಿಷಯದಲ್ಲಿ ತಾಯಂದಿರಿಗೆ ಒಂದು ಕಿವಿಮಾತು: ಗೆಡ್ಡೆ ಬದಲಾಯಿಸಿಕೊಳ್ಳುವಾಗ ಒಂಟಿಸುತ್ತಿನ ಹೂವನ್ನೂ ಒಂದೆರಡು ಉಳಿಸಿಕೊಳ್ಳಿ. ಸುತ್ತಿನ ಮೇಲೆ ಸುತ್ತು ಎಸಳಿರುವ ದಪ್ಪ ಹೂವಿನಲ್ಲಿ ನಡುವಿನ ಪರಾಗದ ಹೂಗಳೇ ಎಸಳಾಗಿ ಮಾರ್ಪಟ್ಟಿರುವುದರಿಂದ ಜೇನಿಗೆ ಅಲ್ಲಿ ಸಿಗುವುದು ಅಲ್ಪ. ಮಳೆಗಾಲದ ರಾತ್ರಿ ಜಗಲಿಯ ದೀಪದ ಹಿಂದೆ ಹಳೆಯ ಬಿಳಿ ಪಂಚೆಯೊಂದನ್ನು ಕಟ್ಟಿದರೆ ಪತಂಗಗಳು ತಾವೇ ಬಂದು ಕೂರುತ್ತವೆ. ಹೊರಗೆ ಕಾಲಿಡಲಾಗದ ದಿನಗಳಿಗೆ ಅದೇ ಕಾಡು.

ಇಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಜೀವಿಗಳಿದ್ದಾವು? ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನ್ನಿಫರ್ ಓವನ್ ಎಂಬ ಪ್ರಾಣಿಶಾಸ್ತ್ರಜ್ಞೆ ತನ್ನ ಮನೆಯ ಸುಮಾರು ಏಳು ಗುಂಟೆಯ ಸಾಮಾನ್ಯ ಕೈತೋಟವನ್ನು 1972ರಿಂದ 2001ರವರೆಗೆ ಮೂವತ್ತು ವರ್ಷ ಗಮನಿಸಿದಳು. ನರಗಳನ್ನು ಕುಗ್ಗಿಸುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಕಾಯಿಲೆ ಅವಳನ್ನು ಗಾಲಿಕುರ್ಚಿಗೆ ಇಳಿಸಿತು. ತೋಟದ ಲೆಕ್ಕ ನಿಲ್ಲಲಿಲ್ಲ. ಕೊನೆಗೆ ಸಿಕ್ಕ ಮೊತ್ತ 2,673 ಜಾತಿಗಳು. ಅವುಗಳಲ್ಲಿ 1,997 ಕೀಟಗಳೇ. ಆಕೆ ಬಳಸಿದ್ದು ಬಲೆ ಮತ್ತು ಪುಸ್ತಕವನ್ನು. ಕ್ಯಾಮೆರಾದ ಕಾಲದ ಉದಾಹರಣೆ ಆಸ್ಟ್ರೇಲಿಯಾದ ಬ್ರಿಸ್ಬೇನಿನದು: 2020ರ ಲಾಕ್‌ಡೌನಿನಲ್ಲಿ ಮನೆಯೊಳಗೆ ಸಿಕ್ಕಿಕೊಂಡ ಮೂವರು ವಿಜ್ಞಾನಿಗಳು ತಮ್ಮ ಮನೆ ಮತ್ತು ಅಂಗಳದಲ್ಲೇ ಒಂದು ವರ್ಷದಲ್ಲಿ 1,150 ಜಾತಿಯ ಜೀವಿಗಳನ್ನು ದಾಖಲಿಸಿದರು. ಎರಡೂ ಪಟ್ಟಣದ ತೋಟಗಳು. ಪಶ್ಚಿಮ ಘಟ್ಟದ ಮಗ್ಗುಲಲ್ಲೇ ಇರುವ ಹಿತ್ತಲಿನ ಲೆಕ್ಕ ಎಲ್ಲಿಗೆ ಮುಟ್ಟೀತೆಂಬುದನ್ನು ಇಲ್ಲಿ ಕುಳಿತ ವಿದ್ಯಾರ್ಥಿಗಳೇ ಹೇಳಬೇಕು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಕಾಲದಲ್ಲಿ ಒಂದು ಫಿಲ್ಮ್ ಸುರುಳಿಗೆ ಮೂವತ್ತಾರೇ ಚಿತ್ರ. ತೊಳೆಸಲು ಪೇಟೆಗೆ ಕಳಿಸಬೇಕಿತ್ತು. ಇಂದಿನ ಹುಡುಗರಿಗೆ ಆ ಖರ್ಚಿನ ನೆಪವೂ ಇಲ್ಲ.

ಆದರೆ ಚಿತ್ರದ ಆಸೆ ಮಿತಿಮೀರಿದಾಗ ನೆಮ್ಮದಿಯ ಬದಲು ಅದರ ವಿರುದ್ಧವಾದದ್ದೇ ಹುಟ್ಟುತ್ತದೆ. ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ಹೂವಿನ ಮೇಲೆ ಕೂರಿಸುವವರಿದ್ದಾರೆ, ಅಂಟು ಹಚ್ಚುವವರಿದ್ದಾರೆ, ಗೂಡು ಕಾಣಲೆಂದು ಮರೆಯ ಎಲೆಗಳನ್ನು ಕತ್ತರಿಸಿ, ಮರಿಗಳನ್ನು ಬಿಸಿಲಿಗೂ ಕಾಗೆಗೂ ಒಡ್ಡುವವರಿದ್ದಾರೆ. ಸ್ಪರ್ಧೆಯ ಬಹುಮಾನಕ್ಕೋ ಮೊಬೈಲಿನಲ್ಲಿ ಎಣಿಸುವ ಮೆಚ್ಚುಗೆಗೋ ಮಾಡುವ ಈ ಕೆಲಸಕ್ಕೆ ಹಿಂಸೆ ಎನ್ನದೆ ಬೇರೆ ಹೆಸರಿಲ್ಲ. ಮುಂಜಾನೆಯ ಚಳಿಯಲ್ಲಿ ಕೀಟಗಳ ಮೈ ತಣ್ಣಗಿದ್ದು ತಾವಾಗಿಯೇ ನಿಧಾನವಾಗಿರುತ್ತವೆ. ಹೊತ್ತಿಗೆ ಮುಂಚೆ ಏಳುವವನಿಗೆ ಫ್ರಿಜ್ಜಿನ ಅಗತ್ಯವಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಕೂಲಿಯಾಳು ಸಿಗದ ಈ ದಿನಗಳಲ್ಲಿ ತೋಟದ ಕಳೆ ಕೊಚ್ಚುವುದು ಎಷ್ಟು ಕಷ್ಟವೆಂಬುದನ್ನು ಕೃಷಿಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಳೆನಾಶಕದ ಡಬ್ಬಿ ಮನೆಯೊಳಗೆ ಬಂದದ್ದು ಸೋಮಾರಿತನದಿಂದಲ್ಲ. ಆದರೆ ತೋಟಕ್ಕೆಂದು ತಂದ ಆ ಡಬ್ಬಿ ಅಂಗಳಕ್ಕೂ ಹಿತ್ತಲಿಗೂ ಬೇಲಿಯ ಬುಡಕ್ಕೂ ಕಾಲಿಟ್ಟಿದೆ. ತುಂಬೆ ಸತ್ತರೆ ಅದರ ಮಕರಂದಕ್ಕೆ ಬರುವ ಜೇನು, ಚಿಟ್ಟೆಗಳಿಲ್ಲ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳು ಸತ್ತರೆ ಕರ್ನಾಟಕದ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ಗೆ ಮೊಟ್ಟೆಯಿಡಲು ಬೇರೆ ಗತಿಯಿಲ್ಲ. ಘಟ್ಟದ ಕೆಳಗಿನ ಗೇರುತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಕಾಲವನ್ನು ಆ ಊರುಗಳು ಮರೆತಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಕೀಟಗಳು ಕಡಿಮೆಯಾಗುವಾಗ ಸದ್ದಾಗುವುದಿಲ್ಲ. ಜರ್ಮನಿಯ ಸಂರಕ್ಷಿತ ಪ್ರದೇಶಗಳ 63 ಕಡೆಗಳಲ್ಲಿ 27 ವರ್ಷ ನಡೆಸಿದ ತೂಕದ ಲೆಕ್ಕ 2017ರಲ್ಲಿ ಪ್ರಕಟವಾದಾಗ, ಹಾರುವ ಕೀಟಗಳ ಒಟ್ಟು ತೂಕ ಶೇಕಡಾ 76ರಷ್ಟು ಕುಸಿದಿತ್ತು. ಆ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟವರಲ್ಲಿ ಹೆಚ್ಚಿನವರು ಸಂಬಳದ ವಿಜ್ಞಾನಿಗಳಲ್ಲ, ಹವ್ಯಾಸಿಗಳು. ಹಿತ್ತಲಿನ ಚಿತ್ರಕ್ಕೆ ದಿನಾಂಕ, ಊರು, ಯಾವ ಗಿಡದ ಮೇಲೆ ಕಂಡಿತು ಎಂಬ ಮೂರು ವಿವರಗಳನ್ನು ಸೇರಿಸಿದರೆ ಅದೂ ಇಂಥ ಲೆಕ್ಕದ ಒಂದು ಸಾಲಾಗುತ್ತದೆ. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣಗಳಲ್ಲಿ ಚಿತ್ರ ಹಾಕಿದರೆ ಬಲ್ಲವರು ಗುರುತಿಸಿ ಹೇಳುತ್ತಾರೆ.

ಪ್ರತಿ ಮನೆಯ ಹಿತ್ತಲಿನಲ್ಲಿ ಒಂದೆರಡು ಗುಂಟೆಯನ್ನಾದರೂ ಯಾವ ಸಿಂಪಡಣೆಯೂ ಇಲ್ಲದೆ ಬಿಡಬೇಕೆಂಬುದು ಈ ಶಿಬಿರದ ಸೂಚನೆ. ಅಲ್ಲಿ ಕಳೆ ಹೆಚ್ಚಾದರೆ ಕತ್ತಿಯಿಂದ ಸವರಿ. ಹೂಬಿಟ್ಟ ತುಂಬೆಯನ್ನು ಕಾಯಾಗುವವರೆಗೆ ಉಳಿಸಿ. ಮಣ್ಣಿನ ಹಳೆಯ ಗೋಡೆಯ ತುಂಡೊಂದು ಇದ್ದರೆ ಅದಕ್ಕೆ ಸಿಮೆಂಟು ಬಳಿಯಬೇಡಿ.

ನಾಳೆ ಬೆಳಿಗ್ಗೆ ಆರೂವರೆಗೆ, ಬಿಸಿಲು ತಾಗುವ ಮೊದಲು, ವಿದ್ಯಾರ್ಥಿಗಳು ಶಾಲೆಯ ಹಿಂದಿನ ಬೇಲಿಯ ಬಳಿ ಸೇರಬೇಕು. ಮೊಬೈಲಿನ ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸಿಕೊಂಡು ಬನ್ನಿ. ನೀಲಿ ಪಟ್ಟೆಯ ಜೇನುಗಳು ಯಾವುದಾದರೂ ಒಣಕಡ್ಡಿಯನ್ನು ಕಚ್ಚಿ ಮಲಗಿದ್ದು ಕಂಡರೆ ಮೊದಲು ನೋಡಿದವರು ಕೂಗಬಾರದು, ಕೈ ಎತ್ತಿದರೆ ಸಾಕು. ಕಡ್ಡಿಯನ್ನು ಯಾರೂ ಮುಟ್ಟಬೇಡಿ.